ಹಿರಿಯರ ಮಾತು ದಾಖಲಿಸಲು ಮೊಬೈಲೋ, ರೆಕಾರ್ಡರೋ?

1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆಯ ಹಳೇ ಕೆಲಸಗಾರರಲ್ಲಿ ನಾಲ್ಕೈದು ಜನರನ್ನಷ್ಟೇ ಮಾತಾಡಿಸುವುದಾದರೆ ಮೊಬೈಲ್ ಸಾಕು. ಆದರೆ ಕಾಲರ್ ಮೈಕ್ ಬೇಕೇ ಬೇಕು. ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸೆರಗೋ ಶಲ್ಯವೋ ಉಜ್ಜಿದರೆ ಆ ಸರಪರ ಸದ್ದು ಮಾತನ್ನೇ ನುಂಗುತ್ತದೆ. ಏರೋಪ್ಲೇನ್ ಮೋಡ್ ಮರೆತರೆ, ಕರೆ ಬಂದು ರೆಕಾರ್ಡಿಂಗ್ ನಿಂತೀತು.

ಊರಿನ ಸಂಗ್ರಹವನ್ನೇ ಕಟ್ಟುವವರಿಗೆ ರೆಕಾರ್ಡರೇ ಸರಿ, ದುಬಾರಿಯಾದರೂ. 48 ಕಿಲೋಹರ್ಟ್ಜ್, 24 ಬಿಟ್ ಗುಣಮಟ್ಟದ ವೇವ್ (ದನಿಯನ್ನು ಕುಗ್ಗಿಸದ) ಫೈಲು ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜಿಬಿ ಹಿಡಿಯುತ್ತದೆ. ಮೀಟರಿನಲ್ಲಿ ದನಿಯ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ಅಜ್ಜ ಜೋರಾಗಿ ನಕ್ಕು ಮುಳ್ಳು ಸೊನ್ನೆ ದಾಟಿದರೆ ಒಡೆದ ದನಿಯನ್ನು ಸರಿಮಾಡಲಾಗದು. ಸೂಕ್ಷ್ಮ ಮೈಕು ಫ್ಯಾನಿನ ಸದ್ದನ್ನೂ ಹಿಡಿಯುತ್ತದೆ, ಫ್ಯಾನ್ ನಿಲ್ಲಿಸಿ (ಏಪ್ರಿಲ್‌ನಲ್ಲಿ ಬೈಗುಳ ಗ್ಯಾರಂಟಿ).

ಯಾವುದಾದರೂ ಸರಿ, ಹೆಸರು, ತಾರೀಖು, ಒಪ್ಪಿಗೆಯನ್ನು ಮೊದಲ ನಿಮಿಷದಲ್ಲೇ ಅವರ ಬಾಯಲ್ಲೇ ಹೇಳಿಸಿ. ಸಹಿಯ ಕಾಗದ ಒಂದು ಕಡೆ, ಫೈಲು ಇನ್ನೊಂದು ಕಡೆ ಸೇರಿಹೋಗುವುದು ಮಾಮೂಲಿ.