ಕ್ಯಾಂಪಸ್‌ನ ಕೇಂದ್ರವೋ, ಊರಿನ ಕ್ಲಿನಿಕ್ಕೋ: ಬರ್ಕ್ಲಿಯ ಕಪ್ಪು ಜನಾಂಗದ ವಿದ್ಯಾರ್ಥಿಗೊಂದು ಹೋಲಿಕೆ

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ನೂರಕ್ಕೆ ಐವರೂ ಇಲ್ಲ. ಇನ್ನೂರು ಜನರ ತರಗತಿಯಲ್ಲಿ ತನ್ನಂಥ ಮುಖವನ್ನು ಹುಡುಕಿ ಸೋತವರಿಗೆ, ವಿದ್ಯಾರ್ಥಿ ಸಂಘಟನೆಯ ಒತ್ತಾಯದ ಫಲವಾಗಿ 2017ರಲ್ಲಿ ತೆರೆದ, ಮತದಾನದ ಹಕ್ಕಿಗಾಗಿ ಹೋರಾಡಿದ ಫ್ಯಾನಿ ಲೂ ಹೇಮರ್ ಹೆಸರಿನ ಸಂಪನ್ಮೂಲ ಕೇಂದ್ರವೇ ಮೊದಲ ಆಸರೆ. ಓದಲು, ಹರಟಲು, ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸಲು ಅಲ್ಲಿ ಜಾಗವಿದೆ. ಆದರೆ ಅದು ಆಸ್ಪತ್ರೆಯಲ್ಲ. ಆಪ್ತಸಮಾಲೋಚನೆಗೆ ಕ್ಯಾಂಪಸ್‌ನದೇ ಆರೋಗ್ಯ ಕೇಂದ್ರವಾದ ಟ್ಯಾಂಗ್ ಸೆಂಟರ್ ಇದ್ದು, ನೋಂದಾಯಿತ ವಿದ್ಯಾರ್ಥಿಗಳು ಯಾವ ವಿಮೆ ಹೊಂದಿದ್ದರೂ ಅದನ್ನು ಬಳಸಬಹುದು.

ಪಕ್ಕದ ನಗರವಾದ ಓಕ್‌ಲ್ಯಾಂಡ್‌ನ ಪೂರ್ವ ಭಾಗದಲ್ಲಿ 2008ರಲ್ಲಿ ಆರಂಭವಾದ ರೂಟ್ಸ್ ಕಮ್ಯುನಿಟಿ ಹೆಲ್ತ್‌ನ ದಾರಿ ಬೇರೆ. ವೈದ್ಯರು ರಕ್ತದೊತ್ತಡ ನೋಡುವುದರ ಜೊತೆಗೆ, ರೋಗಿಗೆ ಕೆಲಸವಿದೆಯೇ, ಸೂರಿದೆಯೇ ಎಂಬುದನ್ನೂ ಚಿಕಿತ್ಸೆಯ ಭಾಗವೆಂದೇ ಪರಿಗಣಿಸುವ ಸಂಸ್ಥೆ ಅದು. ಕ್ಯಾಂಪಸ್‌ನಿಂದ ದೂರವಿರುವುದು ನಿಜ, ಪರೀಕ್ಷೆಯ ವಾರದಲ್ಲಂತೂ ಆ ದೂರ ಎರಡರಷ್ಟಾಗಿ ಕಾಣುತ್ತದೆ. ಆದರೆ ತಾಯಿಯನ್ನೋ ತಮ್ಮನನ್ನೋ ಜೊತೆಗೆ ಕರೆದೊಯ್ಯಬಹುದು, ಪದವಿ ಮುಗಿದರೂ ಬಾಗಿಲು ಮುಚ್ಚುವುದಿಲ್ಲ.

ಓದಿನ ಒಂಟಿತನವೇ ಮುಖ್ಯ ತೊಂದರೆಯಾಗಿದ್ದರೆ ನಾನು ಕ್ಯಾಂಪಸ್‌ನ ಕೇಂದ್ರವನ್ನೇ ಆರಿಸುವೆ. ತೊಂದರೆ ಇಡೀ ಮನೆಯದಾಗಿದ್ದರೆ ಓಕ್‌ಲ್ಯಾಂಡ್‌ನ ರೈಲು ಹತ್ತುವೆ.