ಮಾಪಕ ಕೈಕೊಟ್ಟಾಗ ಯಾವ ಲೆಕ್ಕವನ್ನು ನಂಬಬೇಕು? ಹೈಬ್ರಿಡ್ ಕಾರಿನಲ್ಲಿ ಐದು ವಿಧಾನಗಳ ಹೋಲಿಕೆ

ನನ್ನ ಹಳೆಯ ಹೈಬ್ರಿಡ್ ಕಾರಿನ ಇಂಧನ ಮಾಪಕದಲ್ಲಿ ಹತ್ತು ಪಟ್ಟಿಗಳಿವೆ. ಒಂದು ಚಳಿಗಾಲದ ಬೆಳಿಗ್ಗೆ, ಅವುಗಳಲ್ಲಿ ಎರಡು ಇನ್ನೂ ಉರಿಯುತ್ತಿದ್ದಾಗಲೇ ಎಂಜಿನ್ ನಿಂತುಹೋಯಿತು. ಕಾರು ಬ್ಯಾಟರಿಯ ಬಲದಿಂದ ಸ್ವಲ್ಪ ದೂರ ಸಾಗಿದ್ದರಿಂದ ರಸ್ತೆಯ ಅಂಚಿಗೆ ಬಂದು ನಿಲ್ಲಿಸಲು ಸಾಧ್ಯವಾಯಿತು. ಸಾಮಾನ್ಯ ಕಾರಿನಲ್ಲಾದರೆ ಪೆಟ್ರೋಲ್ ತಂದು ಸುರಿದು ಹೊರಟುಬಿಡಬಹುದು. ನನ್ನ ಕಾರಿನಂಥ ಹೈಬ್ರಿಡ್‌ನಲ್ಲಿ ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವುದು ದೊಡ್ಡ ಬ್ಯಾಟರಿಯೇ ಆದ್ದರಿಂದ, ಇಂಧನ ಮುಗಿದ ಮೇಲೂ ಓಡಿಸುತ್ತ ಹೋಗಿ ಅದನ್ನು ಬರಿದು ಮಾಡಿಕೊಂಡರೆ ಆಮೇಲೆ ಪೆಟ್ರೋಲ್ ಹಾಕಿಯೂ ಪ್ರಯೋಜನವಿಲ್ಲ. ಇನ್ನೊಂದು ಕಾರಿನಿಂದ ಜಂಪ್ ಕೇಬಲ್ ಹಚ್ಚಿದರೆ ಜೀವ ಬರುವುದು 12 ವೋಲ್ಟಿನ ಸಣ್ಣ ಬ್ಯಾಟರಿಗೆ ಮಾತ್ರ. ಆ ದಿನದಿಂದ 14 ತಿಂಗಳ ಕಾಲ, ಪೆಟ್ರೋಲ್ ಯಾವಾಗ ಹಾಕಿಸಬೇಕೆಂದು ತಿಳಿಯುವ ಐದು ಬೇರೆ ಬೇರೆ ವಿಧಾನಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಪರೀಕ್ಷಿಸಿದ್ದೇನೆ.

ಮೊದಲು ದೋಷದ ಮೂಲವನ್ನು ಹೇಳಬೇಕು. ಬಹುತೇಕ ಕಾರುಗಳಲ್ಲಿ ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಬೆಂಡು, ಅದಕ್ಕೆ ಜೋಡಿಸಿದ ಒಂದು ತೋಳು ಇರುತ್ತವೆ. ತೋಳು ಏರಿಳಿದಂತೆ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯನ್ನೇ ಮಾಪಕವು ಪಟ್ಟಿಗಳಾಗಿ ತೋರಿಸುತ್ತದೆ. ಟ್ಯಾಂಕಿನ ಆಕಾರ ಬದಲಾಗದು ಎಂಬ ನಂಬಿಕೆಯ ಮೇಲೆ ಈ ವ್ಯವಸ್ಥೆ ನಿಂತಿದೆ. ಆದರೆ ನನ್ನದೂ ಸೇರಿದಂತೆ ಕೆಲವು ಹಳೆಯ ಹೈಬ್ರಿಡ್‌ಗಳಲ್ಲಿ, ಪೆಟ್ರೋಲ್ ಆವಿ ಹೊರಹೋಗುವುದನ್ನು ಕಡಿಮೆ ಮಾಡಲೆಂದು, ಲೋಹದ ಟ್ಯಾಂಕಿನೊಳಗೆ ಬಾಗುವ ಗುಣದ ಒಂದು ಚೀಲವನ್ನು ಇಟ್ಟಿರುತ್ತಾರೆ. ಪೆಟ್ರೋಲ್ ತುಂಬಿದಾಗ ಅದು ಹಿಗ್ಗುತ್ತದೆ, ಖರ್ಚಾದಂತೆ ಕುಗ್ಗುತ್ತದೆ. ಚಳಿ ಹೆಚ್ಚಾದಾಗ ಚೀಲ ಬಿರುಸಾಗಿ ಪೂರ್ತಿ ಹಿಗ್ಗುವುದಿಲ್ಲ. ಹಾಗಾಗಿ 45 ಲೀಟರ್ ಹಿಡಿಯಬೇಕಾದ ಟ್ಯಾಂಕ್ ಎಷ್ಟೋ ಲೀಟರ್ ಮೊದಲೇ ತುಂಬಿತೆಂಬಂತೆ ನಾಜಲ್ 'ಟಕ್' ಎಂದು ನಿಂತುಬಿಡುತ್ತದೆ.

ಮೊದಲನೆಯ ಪ್ರಯತ್ನ ಮಾಪಕವನ್ನೇ ಸರಿಪಡಿಸುವುದು. ನನ್ನ ಕಾರಿನ ಮೀಟರಿನೊಳಗೆ ಇಳಿಜಾರನ್ನು ಗುರುತಿಸುವ ಒಂದು ಸಂವೇದಕವಿದೆ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಅದನ್ನು ಮತ್ತೆ ಹೊಂದಿಸಬಹುದು. ಹಾಗೆ ಹೊಂದಿಸಿದ ಮೇಲೆ, ಇಳಿಜಾರಿನಲ್ಲಿ ನಿಲ್ಲಿಸಿದಾಗ ಒಂದು ಪಟ್ಟಿ ಮಾಯವಾಗಿ ಬಯಲಿಗೆ ಬಂದಾಗ ಮರಳುತ್ತಿದ್ದ ಕಾಟ ನಿಂತಿತು. ಚಳಿಯ ದೋಷ ಮಾತ್ರ ಹಾಗೆಯೇ ಉಳಿಯಿತು. ಖರ್ಚಿಲ್ಲದ ಕೆಲಸವಾದ್ದರಿಂದ ಎಲ್ಲರೂ ಒಮ್ಮೆ ಮಾಡಿಸಿ ನೋಡುವುದು ಒಳ್ಳೆಯದು, ಆದರೆ ಇದನ್ನೇ ಪರಿಹಾರವೆಂದು ತಿಳಿಯಬಾರದು.

ಎರಡನೆಯದು, ಇನ್ನೆಷ್ಟು ಕಿಲೋಮೀಟರ್ ಹೋಗಬಹುದೆಂದು ಪರದೆಯಲ್ಲಿ ಕಾಣುವ ಅಂಕಿ. ನನ್ನ ಹಳೆಯ ಕಾರಿನಲ್ಲಿ ಅದಿಲ್ಲ. ಮನೆಯಲ್ಲಿರುವ ಹೊಸ ಹೈಬ್ರಿಡ್‌ನಲ್ಲಿ ಗಮನಿಸಿದೆ. ಅದು ಸೊನ್ನೆ ತೋರಿಸಿದಾಗಲೂ ಟ್ಯಾಂಕಿನಲ್ಲಿ ಕೆಲವು ಲೀಟರ್ ಉಳಿದಿರುತ್ತದೆ, ಆದ್ದರಿಂದ ಅಪಾಯ ಕಡಿಮೆ. ಆದರೆ ಅದು ಉಳಿದ ಇಂಧನವನ್ನು ಇತ್ತೀಚಿನ ಮೈಲೇಜಿನಿಂದ ಗುಣಿಸಿದ ಫಲ ಮಾತ್ರ. ಮಾಪಕ ಸುಳ್ಳು ಹೇಳಿದರೆ ಈ ಅಂಕಿಯೂ ಅದೇ ಸುಳ್ಳನ್ನು ಇನ್ನಷ್ಟು ಖಚಿತವಾದ ಮುಖದಿಂದ ಹೇಳುತ್ತದೆ.

ಮೂರನೆಯದು ಹಲವರು ಅನುಸರಿಸುವ ದೂರದ ನಿಯಮ: ಟ್ರಿಪ್ ಮೀಟರನ್ನು ಸೊನ್ನೆ ಮಾಡಿ, ಇಷ್ಟು ಕಿಲೋಮೀಟರ್ ಆದ ಕೂಡಲೇ ಪೆಟ್ರೋಲ್ ಹಾಕಿಸುವುದು. ನಾನೂ ವರ್ಷಗಟ್ಟಲೆ 600 ಕಿ.ಮೀ. ಎಂಬ ಗಡಿಯನ್ನು ನೆಚ್ಚಿಕೊಂಡಿದ್ದೆ. ಬೇಸಿಗೆಯಲ್ಲಿ ನನ್ನ ಕಾರು ಲೀಟರಿಗೆ 21 ಕಿ.ಮೀ. ಕೊಡುತ್ತದೆ, ಆ ಲೆಕ್ಕದಲ್ಲಿ 600 ಕಿ.ಮೀ.ಗೆ 29 ಲೀಟರೂ ಖರ್ಚಾಗದು. ಚಳಿಗಾಲದಲ್ಲಿ, ವಿಶೇಷವಾಗಿ ಹತ್ತಿರದ ಓಡಾಟಗಳಲ್ಲಿ, ಎಂಜಿನ್ ತನ್ನನ್ನೂ ಕ್ಯಾಬಿನ್ನನ್ನೂ ಬಿಸಿ ಮಾಡಲೆಂದೇ ಓಡುತ್ತಿರುವುದರಿಂದ ಮೈಲೇಜ್ 16ಕ್ಕೆ ಇಳಿಯುತ್ತದೆ. ಆಗ ಅದೇ 600 ಕಿ.ಮೀ.ಗೆ 37 ಲೀಟರಿಗೂ ಹೆಚ್ಚು ಬೇಕು. ಟ್ಯಾಂಕ್ ಕಡಿಮೆ ಹಿಡಿಯುವುದೂ ಕಾರು ಹೆಚ್ಚು ಕುಡಿಯುವುದೂ ಒಂದೇ ಕಾಲದಲ್ಲಿ ಬಂದೊದಗುತ್ತವೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಎಂಜಿನ್ ನಿಂತ ದಿನ ಟ್ರಿಪ್ ಮೀಟರ್ 574 ತೋರಿಸುತ್ತಿತ್ತು.

ನಾಲ್ಕನೆಯದಾಗಿ, ಒಬಿಡಿ ಪೋರ್ಟಿಗೆ (ಮೆಕ್ಯಾನಿಕ್‌ಗಳು ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಬಳಸುವ ಕಿಂಡಿಗೆ) ಸಣ್ಣ ಅಡಾಪ್ಟರ್ ಸಿಕ್ಕಿಸಿ ಮೊಬೈಲಿನಲ್ಲಿ ಇಂಧನ ಮಟ್ಟವನ್ನು ಓದಿದೆ. ಎಲ್ಲ ಕಾರುಗಳೂ ಈ ಮಾಹಿತಿ ಕೊಡುವುದಿಲ್ಲ, ನನ್ನದು ಕೊಟ್ಟಿತು. ಹತ್ತು ಪಟ್ಟಿಗಳ ಬದಲು 0ರಿಂದ 255ರವರೆಗಿನ ಮೆಟ್ಟಿಲುಗಳಲ್ಲಿ ಬರುವ ಈ ಅಂಕಿಯನ್ನು ಕಂಡಾಗ ಸಮಸ್ಯೆ ಬಗೆಹರಿಯಿತೆಂದೇ ನಾನು ಸಂಭ್ರಮಿಸಿದ್ದೆ. ಆದರೆ ಅದರ ಹಿಂದಿರುವುದೂ ಅದೇ ಬೆಂಡು, ಅದೇ ತೋಳು. ಅಳತೆ ಸೂಕ್ಷ್ಮವಾದ ಮಾತ್ರಕ್ಕೆ ನಿಜವಾಗುವುದಿಲ್ಲ. ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಪೆಟ್ರೋಲ್ ಹೊಯ್ದಾಡಿ ಅಂಕಿಯೂ ಕುಣಿಯುತ್ತಿತ್ತು. ದೋಷ ಎಲ್ಲಿದೆಯೆಂದು ಹುಡುಕುವವರಿಗೆ ಮಾತ್ರ ಇದು ನಿಜಕ್ಕೂ ನೆರವಾಗುತ್ತದೆ. ನಿಂತ ಕಾರಿನಲ್ಲೇ ಅಂಕಿ ಥಟ್ಟನೆ ಜಿಗಿದರೆ ಟ್ಯಾಂಕಿನೊಳಗಿನ ಸಂವೇದಕ ಸವೆದಿರುವ ಸಾಧ್ಯತೆ ಹೆಚ್ಚು. ಅಂಕಿ ಸ್ಥಿರವಾಗಿದ್ದು ಪಟ್ಟಿಗಳು ಮಾತ್ರ ತಪ್ಪಿದರೆ ಮೀಟರನ್ನು ಅನುಮಾನಿಸಬೇಕು. ಟ್ಯಾಂಕ್ ಬಿಚ್ಚಿಸುವ ದುಬಾರಿ ಕೆಲಸಕ್ಕೆ ಒಪ್ಪುವ ಮೊದಲು ಇದನ್ನು ತಿಳಿದುಕೊಂಡಿರುವುದು ಮೇಲು.

ಐದನೆಯದು, ನಾನು ಕೊನೆಗೆ ನೆಚ್ಚಿಕೊಂಡದ್ದು, ಲೀಟರಿನ ಖಾತೆ. ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ಕೇಳುವುದನ್ನು ಬಿಟ್ಟು, ಎಷ್ಟು ಸುಟ್ಟಿದ್ದೇನೆ, ಎಷ್ಟು ಹಾಕಿಸಿದ್ದೇನೆ ಎಂಬ ಎರಡನ್ನೇ ಬರೆದಿಡುತ್ತೇನೆ. ಹಾಕಿಸಿದ್ದನ್ನು ಬಂಕಿನ ರಸೀದಿಯೇ ಹೇಳುತ್ತದೆ. ಸುಟ್ಟದ್ದನ್ನು ತಿಳಿಯಲು ಓಡಿದ ದೂರವನ್ನು ಪರದೆ ತೋರಿಸುವ ಸರಾಸರಿ ಮೈಲೇಜಿನಿಂದ ಭಾಗಿಸಿ, ಬಂದದ್ದಕ್ಕೆ ಶೇಕಡಾ 5 ಸೇರಿಸುತ್ತೇನೆ. ಪರದೆ 22 ಎಂದಾಗ ರಸೀದಿಗಳ ಪ್ರಕಾರ ನಿಜ 21ರ ಆಸುಪಾಸಿನಲ್ಲಿರುತ್ತದೆ ಎಂಬುದು 31 ಬಾರಿಯ ಲೆಕ್ಕದಿಂದ ನನಗೆ ಖಚಿತವಾಗಿದೆ. ಈ ವ್ಯತ್ಯಾಸ ಪ್ರತಿಯೊಂದು ಕಾರಿಗೂ ಬೇರೆಯಾದ್ದರಿಂದ ಅವರವರೇ ಕಂಡುಕೊಳ್ಳಬೇಕು. ಉದಾಹರಣೆಗೆ 420 ಕಿ.ಮೀ. ಓಡಿ ಪರದೆ 16.8 ತೋರಿಸಿದರೆ 25 ಲೀಟರ್, ಸೇರಿಸಿದ್ದೂ ಕೂಡಿ 26ಕ್ಕೆ ಸ್ವಲ್ಪ ಹೆಚ್ಚು.

ನನ್ನ ಗಡಿ 28 ಲೀಟರ್. ಎಂಜಿನ್ ನಿಂತ ದಿನದ ಖರ್ಚು ಸುಮಾರು 36 ಲೀಟರ್ ಆಗಿತ್ತು; ಅದಕ್ಕಿಂತ 8 ಲೀಟರ್ ಮುಂಚೆಯೇ ನಿಲ್ಲಬೇಕೆಂದು ಇದನ್ನು ಆರಿಸಿಕೊಂಡೆ. ಚಳಿಯಲ್ಲಿ ಚೀಲ ಹಿಗ್ಗದಿರುವ ಸಮಸ್ಯೆಗೂ ಈ ಖಾತೆಯೇ ಉತ್ತರ ಕೊಡುತ್ತದೆ. 26 ಲೀಟರ್ ಸುಟ್ಟಿದ್ದು ನಾಜಲ್ 22ಕ್ಕೇ ನಿಂತರೆ 4 ಲೀಟರ್ ಬಾಕಿ ಎಂದು ಬರೆದು, ಮುಂದಿನ ಗಡಿಯನ್ನು 24ಕ್ಕೆ ಇಳಿಸುತ್ತೇನೆ. ನಾಜಲ್ ನಿಂತ ಮೇಲೂ ಒತ್ತಿ ಒತ್ತಿ ತುಂಬಿಸಲು ಹೋಗುವುದಿಲ್ಲ, ಏಕೆಂದರೆ ಉಕ್ಕಿದ ಪೆಟ್ರೋಲ್ ಆವಿ ಹೀರುವ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಹಾಳುಮಾಡಬಹುದು. ಡಿಕ್ಕಿಯಲ್ಲಿ ಪೆಟ್ರೋಲ್ ಕ್ಯಾನ್ ಇಟ್ಟುಕೊಂಡು ಓಡಾಡುವುದನ್ನು ನಾನು ಪರೀಕ್ಷಿಸಲೇ ಇಲ್ಲ. ಮುಚ್ಚಿದ ಕಾರಿನಲ್ಲಿ ಮಕ್ಕಳ ಜೊತೆ ಪೆಟ್ರೋಲ್ ಆವಿಯನ್ನು ಇಟ್ಟುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈ ವಿಧಾನಕ್ಕಿರುವ ಕೊರತೆ ಒಂದೇ, ಆದರೆ ಸಣ್ಣದಲ್ಲ: ಕಾರನ್ನು ಬೇರೊಬ್ಬರು ಓಡಿಸಿ, ಅರ್ಧ ಟ್ಯಾಂಕ್ ಹಾಕಿಸಿ, ಬರೆಯದೆ ಬಿಟ್ಟರೆ ಖಾತೆ ಅಲ್ಲಿಗೇ ಮುರಿಯುತ್ತದೆ. ನಮ್ಮ ಮನೆಯಲ್ಲಿ ಹಾಗೆ ಮೂರು ಸಲ ಆಗಿದೆ. ಅಂಥ ಸಂದರ್ಭದಲ್ಲಿ ನಾಜಲ್ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರನ್ನೂ ಸರಾಸರಿಯನ್ನೂ ಸೊನ್ನೆ ಮಾಡಿ, ಬಾಕಿಯ ಅಂಕಣದಲ್ಲಿ 8 ಲೀಟರ್ ಎಂದು ಬರೆದು, 20 ಲೀಟರ್ ಸುಟ್ಟ ಕೂಡಲೇ ಮತ್ತೆ ಬಂಕಿಗೆ ಹೋಗುತ್ತೇವೆ.