ಡೆಬಿಯನ್‌ನಲ್ಲಿ ಅಪಾಚಿ: ಫೈಲ್ ಹುಡುಕಾಡುವ ಕೆಲಸ ಇಲ್ಲ

ಡೆಬಿಯನ್ ಲಿನಕ್ಸ್ ಮೇಲೆ ಅಪಾಚಿ 2.4 ವೆಬ್ ಸರ್ವರ್ ಹಾಕಿ ಎರಡು ಸಣ್ಣ ಸೈಟ್ ನಡೆಸುತ್ತಿದ್ದೇನೆ. ಜಾಸ್ತಿ ಹಿಡಿಸಿದ್ದು ಇದರ ಫೈಲ್ ಜೋಡಣೆ. ಎಲ್ಲ ಸೆಟ್ಟಿಂಗೂ ಇಟಿಸಿ ಒಳಗಿನ ಅಪಾಚಿ2 ಫೋಲ್ಡರಿನಲ್ಲೇ. ಸೈಟ್ಸ್-ಅವೈಲಬಲ್‌ನಲ್ಲಿ ಸೈಟಿಗೊಂದು ಫೈಲ್ ಬರೆದಿಟ್ಟು, ಸೈಟ್ ಆನ್ ಮಾಡಲು ಎ2ಎನ್‌ಸೈಟ್ ಕಮಾಂಡ್ ಕೊಟ್ಟರೆ ಸೈಟ್ಸ್-ಎನೇಬಲ್ಡ್‌ನಲ್ಲಿ ಅದಕ್ಕೊಂದು ಲಿಂಕ್ ಬೀಳುತ್ತದೆ, ಬೇಡ ಅನಿಸಿದಾಗ ಎ2ಡಿಸ್‌ಸೈಟ್ ಕೊಟ್ಟರೆ ಲಿಂಕ್ ಮಾತ್ರ ಹೋಗುತ್ತದೆ, ಬರೆದದ್ದು ಹಾಗೇ ಇರುತ್ತದೆ.

ನನ್ನ ಪೆದ್ದುತನ ಕೇಳಿ. ಫೈಲ್ ಹೆಸರಿನ ಕೊನೆಗೆ ಡಾಟ್ ಕಾನ್ಫ್ ಹಾಕುವುದು ಮರೆತೆ. ಎ2ಎನ್‌ಸೈಟ್ ಅಂಥ ಸೈಟೇ ಇಲ್ಲ ಅಂದುಬಿಟ್ಟಿತು! ಕಣ್ಣೆದುರಿಗೇ ಇದೆಯಲ್ಲ ಮಾರಾಯ ಅಂತ ಅರ್ಧ ಗಂಟೆ ಒದ್ದಾಡಿದೆ. ಆದರೆ ಇದೇ ನಿಯಮದಿಂದ ಲಾಭವೂ ಇದೆ, ಹಳೇ ಪ್ರತಿಯನ್ನು ಡಾಟ್ ಬ್ಯಾಕ್ ಅಂತ ಪಕ್ಕದಲ್ಲೇ ಇಟ್ಟರೂ ಅಪಾಚಿ ಅದನ್ನು ಮುಟ್ಟುವುದಿಲ್ಲ.

ಎಡಿಟ್ ಮಾಡಲು ನ್ಯಾನೋ ಅನ್ನೋ ಸರಳ ಎಡಿಟರ್ ಸಾಕು, ಅಡ್ಮಿನ್ ಅಧಿಕಾರ ಕೊಡುವ ಸುಡೋ ಮುಂದೆ ಹಾಕಲು ಮರೆಯಬೇಡಿ. ಸೇವ್ ಮಾಡಿ, ಬರೆದದ್ದರಲ್ಲಿ ತಪ್ಪಿದೆಯಾ ನೋಡುವ ಕಾನ್ಫಿಗ್‌ಟೆಸ್ಟ್ ಓಡಿಸಿ, 'ಸಿಂಟ್ಯಾಕ್ಸ್ ಓಕೆ' ಬಂದ ಮೇಲೇ ಅಪಾಚಿ ರೀಲೋಡ್.

ಸೈಟಿನ ಫೋಲ್ಡರ್ ಒಳಗೇ ಸೆಟ್ಟಿಂಗ್ ಬರೆದಿಡುವ ಎಚ್‌ಟಿಆಕ್ಸೆಸ್ ಫೈಲ್ ಮಾತ್ರ ನನಗೆ ಆಗಿಬರಲಿಲ್ಲ. ಅದನ್ನು ಆನ್ ಮಾಡಿದರೆ ಪ್ರತಿ ರಿಕ್ವೆಸ್ಟಿಗೂ ಸರ್ವರ್ ಕೇಳಿದ ಫೈಲಿನ ದಾರಿಯಲ್ಲಿರುವ ಒಂದೊಂದು ಫೋಲ್ಡರಿನಲ್ಲೂ ಸುಮ್ನೆ ಅದನ್ನು ಹುಡುಕುತ್ತಾ ಹೋಗುತ್ತದೆ. ಡೆಬಿಯನ್‌ನಲ್ಲಿ ಮೊದಲಿಂದಲೇ ಆಫ್ ಇರುತ್ತದೆ. ಸರ್ವರ್ ನಿಮ್ಮದೇ ತಾನೇ, ಹಾಗೇ ಬಿಡಿ.